ಹರಾಜಾದ ಮನೆಯ ಹಂಡೆ

ನಾನು ಒಂದು ತಾಮ್ರದ ಹಂಡೆ. ಬಚ್ಚಲ ಒಲೆಯ ಮೇಲೆ ಕೂತು ನೀರು ಕಾಯಿಸುವುದು ನನ್ನ ಕಸುಬು. ಈಗ ಆ ಕಸುಬು ತಪ್ಪಿದೆ. ಅದು ಹೇಗೆ ತಪ್ಪಿತು ಎಂಬುದನ್ನು ಹೇಳುತ್ತೇನೆ. ಬ್ಯಾಂಕಿನವರು ಹರಾಜು ಹಾಕಿದ ಮನೆಯನ್ನು ಕೊಳ್ಳಬೇಕೆಂದು ಯಾರಾದರೂ ಆಸೆಪಟ್ಟಿದ್ದರೆ ಅವರು ತುಸು ಹತ್ತಿರ ಕೂತು ಕೇಳಲಿ.

ನನ್ನನ್ನು ಮಾಡಿದವನು ಶಿರಾ ಸೀಮೆಯ ಕಾಳಾಚಾರಿ. ತಗಡನ್ನು ಕಾಯಿಸಿ, ಬಡಿದು, ತಣಿಸಿ, ಮತ್ತೆ ಕಾಯಿಸಿ ನನ್ನ ಹೊಟ್ಟೆಯನ್ನು ಉಬ್ಬಿಸಿದ. ಅವನ ಸುತ್ತಿಗೆಯ ಗುರುತುಗಳು ಇಂದಿಗೂ ಮೀನಿನ ಪೊರೆಯ ಹಾಗೆ ನನ್ನ ಮೈಮೇಲಿವೆ. ಮುಗಿದ ಮೇಲೆ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ನಾದ ಕೇಳಿ, ತಲೆದೂಗಿ ಬಿಸಿಲಿಗಿಟ್ಟ. ಮುಂದೆ ನನ್ನ ಒಡತಿಯಾದ ಶಿವನಂಜಮ್ಮನ ಅಪ್ಪ ಮಗಳ ಮದುವೆಗೆಂದು ಪಾತ್ರೆ ಕೊಳ್ಳಲು ಬಂದವನು ಬೇರೆಲ್ಲವನ್ನೂ ಅಂಗಡಿಯಲ್ಲಿ ಕೊಂಡ; ನನ್ನನ್ನು ಮಾತ್ರ ಕಾಳಾಚಾರಿಯ ಅಂಗಳದಿಂದಲೇ ಎತ್ತಿಕೊಂಡ. ಮದುವೆಯ ಬಳುವಳಿಯ ಜೊತೆ ಎತ್ತಿನ ಗಾಡಿಯಲ್ಲಿ ಕೂತು ನಾನು ಕೆಂಚಾಪುರಕ್ಕೆ ಬಂದೆ.

ಕೆಂಚಾಪುರ ಹೋಬಳಿ ಊರು. ಬಸ್ಸು ನಿಲ್ಲುವ ಜಾಗದಿಂದ ಒಳಗೆ ನಡೆದರೆ ಪರಮಶಿವಯ್ಯನ ಮನೆ. ಶಿವನಂಜಮ್ಮನ ಗಂಡ ಈ ಪರಮಶಿವಯ್ಯ. ಹಂಚಿನ ಮನೆ, ಹಿತ್ತಲಲ್ಲಿ ಒಂದು ಸೇದೋ ಬಾವಿ, ಎರಡು ತೆಂಗು, ಬಾವಿಗೆ ಒತ್ತಿಕೊಂಡಂತೆ ಬಚ್ಚಲುಮನೆ. ಅಲ್ಲಿ ಕಲ್ಲು ಮಣ್ಣಿನಲ್ಲಿ ಒಲೆ ಕಟ್ಟಿ, ನನ್ನನ್ನು ಅದರಲ್ಲಿ ಕೂರಿಸಿ, ಸುತ್ತ ಗಾರೆ ಬಳಿದರು. ನನ್ನ ಕಂಠ, ಬಾಯಿ ಮಾತ್ರ ಹೊರಗೆ ಉಳಿದವು. ಅಂದಿನಿಂದ ನಾನು ಮನೆಯವರನ್ನೆಲ್ಲ ಕೆಳಗಿನಿಂದಲೇ ನೋಡಿದ್ದು. ಬಗ್ಗಿದ ಮುಖ, ಚೆಂಬು ಹಿಡಿದ ಕೈ, ಹೊಗೆಗೆ ಕಿರಿದಾದ ಕಣ್ಣು.

ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ ಬಚ್ಚಲೊಂದೇ. ಹಾಗಾಗಿ ಅಳುವವರು ಅಲ್ಲಿಗೇ ಬರುತ್ತಿದ್ದರು. ಗುಟ್ಟು ಮಾತಾಡುವವರೂ ಅಲ್ಲಿಗೇ ಬರುತ್ತಿದ್ದರು. ಶಿವನಂಜಮ್ಮ ಮದುವೆಯಾದ ಹೊಸತರಲ್ಲಿ ತವರನ್ನು ನೆನೆದು ಅತ್ತಿದ್ದು ನನ್ನ ಮುಂದೆ. ಮಗಳು ಹುಟ್ಟಿದಾಗ ಬಾಣಂತಿ ಸ್ನಾನ ಮಾಡಿದ್ದು ನನ್ನ ನೀರಿನಲ್ಲಿ. ಆ ಮಗಳು ಬೆಳೆದು, ಮದುವೆಯಾಗಿ ಚಳ್ಳಕೆರೆಗೆ ಹೋದ ದಿನವೂ ಶಿವನಂಜಮ್ಮ ಬಂದು ನನ್ನ ಪಕ್ಕ ಕೂತು, ಉರಿಯುವ ತೆಂಗಿನ ಮಟ್ಟೆಯನ್ನು ಸುಮ್ಮನೆ ಒಳಕ್ಕೆ ತಳ್ಳುತ್ತಿದ್ದಳು.

ವರ್ಷಕ್ಕೊಂದು ದಿನ ನಾನು ದೇವರಾಗುತ್ತಿದ್ದೆ. ದೀಪಾವಳಿಯ ನೀರು ತುಂಬುವ ಹಬ್ಬ. ಅವತ್ತು ಶಿವನಂಜಮ್ಮ ಹುಣಸೆಹಣ್ಣು, ಬೂದಿ ಹಾಕಿ ನನ್ನ ಕಂಠವನ್ನು ಕೆಂಪಗೆ ಹೊಳೆಯುವ ತನಕ ತಿಕ್ಕುತ್ತಿದ್ದಳು. ಸುಣ್ಣ, ಕೆಮ್ಮಣ್ಣಿನ ಗೆರೆ ಎಳೆದು, ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಬಾವಿಯಿಂದ ಹೊಸ ನೀರು ಸೇದಿ ತಂದು ತುಂಬುತ್ತಿದ್ದಳು. ಆಮೇಲೆ ಕುಂಕುಮವಿಟ್ಟು ಕೈ ಮುಗಿಯುತ್ತಿದ್ದಳು. ನಮ್ಮ ಕಡೆ ಹಂಡೆಯ ನೀರು ಗಂಗೆ. ಅವಳ ಕೈಯಲ್ಲಿ ಎಷ್ಟು ವರ್ಷ ಹಾಗೆ ಪೂಜೆ ಮಾಡಿಸಿಕೊಂಡೆನೋ ಲೆಕ್ಕವಿಲ್ಲ. ಅವಳನ್ನು ನಾನು ಪೂರ್ತಿ ಬಲ್ಲೆ ಎಂದು ತಿಳಿದಿದ್ದೆ.

ಪರಮಶಿವಯ್ಯ ಮಾತಿನಲ್ಲಿ ಬೆಲ್ಲ. ಮೊದಲು ಸಿಮೆಂಟು ಮಾರುತ್ತಿದ್ದ. ಅದು ಹಿಡಿಸದೆ ಬೋರ್‌ವೆಲ್ ಕೊರೆಯುವ ಲಾರಿ ಕೊಂಡ. ಲಾರಿಗೆ ದುಡ್ಡು ಬೇಕಿತ್ತು. ಒಂದು ಬೆಳಿಗ್ಗೆ ಹೆಂಡತಿಗೆ, ನಿನ್ನ ಹೆಸರಲ್ಲಿ ಬ್ಯಾಂಕಿನಲ್ಲಿ ಖಾತೆ ತೆಗೆಸುತ್ತೇನೆ, ಹೊರಡು ಎಂದ. ಅವತ್ತು ಅವಳು ಸೋಪು ಹಾಕಿ ಮುಖ ತೊಳೆದು ಹೋದಳು. ಸಂಜೆ ಬಂದು ಬೆರಳಿಗೆ ಹತ್ತಿದ್ದ ಶಾಯಿಯನ್ನು ತಿಕ್ಕುತ್ತಾ, ಎಷ್ಟೊಂದು ಕಡೆ ಸಹಿ ಹಾಕಿಸಿಕೊಂಡರು, ಖಾತೆ ಅಂದರೆ ಸಾಮಾನ್ಯವಲ್ಲ ಎಂದು ಸಂಭ್ರಮಪಟ್ಟಳು. ಆ ಮನೆ ಅವಳ ಹೆಸರಿನಲ್ಲಿತ್ತು. ಅವಳು ಅಡವಿಟ್ಟು ಬಂದದ್ದು ಅದನ್ನೇ. ಅದು ಅವಳಿಗೆ ಗೊತ್ತಾಗಿದ್ದು, ಸಾಲದ ಕಂತು ನಿಂತು, ಬ್ಯಾಂಕಿನವರು ಬಂದು ಬಾಗಿಲಿಗೆ ನೋಟೀಸು ಅಂಟಿಸಿದ ದಿನ.

ಅವತ್ತು ಗಂಡನನ್ನು ಬಚ್ಚಲಿಗೆ ಕರೆದು ಚಿಲಕ ಹಾಕಿದಳು. ಜೋರು ಮಾಡಲಿಲ್ಲ.

"ಒಂದು ಮಾತು ಕೇಳ್ಬಾರ್ದಿತ್ತಾ?" ಎಂದಳು.

"ಕೇಳಿದ್ರೆ ನೀನು ಒಪ್ತಿದ್ಯಾ?" ಎಂದ ಅವನು.

ಅವಳು ಒಲೆಯ ಬೂದಿಯನ್ನು ನೋಡುತ್ತಾ ನಿಂತಳು. ಅವಳೊಳಗೆ ಏನೋ ತಣ್ಣಗಾದದ್ದು ಅಲ್ಲಿಂದಲೇ ಇರಬೇಕು. ನಾನು ಆಗ ಅದನ್ನು ದುಃಖವೆಂದುಕೊಂಡೆ.

ಹರಾಜಿನ ಸುದ್ದಿ ಪೇಪರಿಗೆ ಬಂತು. ಮನೆ ನೋಡಲು ಬಂದವರಲ್ಲಿ ಹೆಚ್ಚಿನವರು ಬೀದಿಯಲ್ಲೇ ಬೈಕು ನಿಲ್ಲಿಸಿ, ಮೇಲಿನಿಂದ ಕೆಳಗೆ ಕಣ್ಣಾಡಿಸಿ ಹೋದರು. ಒಳಗೆ ಕಾಲಿಟ್ಟವಳು ದ್ಯಾಮಕ್ಕ ಒಬ್ಬಳೇ.

ದ್ಯಾಮಕ್ಕ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಯವಳು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಹಾಸ್ಟೆಲಿನ ಹಿಂದಿನ ಕೋಣೆಯಲ್ಲೇ ಅವಳ ಆಯುಷ್ಯ ಕಳೆದಿತ್ತು. ಯುಗಾದಿ ಹೊತ್ತಿಗೆ ಕೆಲಸದಿಂದ ನಿವೃತ್ತಿ, ಕೋಣೆ ಬಿಡಬೇಕು. ಸ್ವಂತದ್ದೊಂದು ಸೂರು ಬೇಕು ಎಂದು, ಊರ ಹೊರಗಿನ ತುಂಡು ಜಮೀನು ಮಾರಿ, ಕೂಡಿಟ್ಟದ್ದನ್ನೂ ಸೇರಿಸಿ ಬಂದಿದ್ದಳು. ಅದು ಕೈಬಿಟ್ಟರೆ ಅವಳಿಗೆ ಬೇರೆ ಏನೂ ಇಲ್ಲ ಎಂಬುದು ಅವಳು ಗೋಡೆ ಮುಟ್ಟುವ ರೀತಿಯಲ್ಲೇ ತಿಳಿಯುತ್ತಿತ್ತು.

ಅವಳು ದಡ್ಡಿಯಲ್ಲ. ನೋಡಬೇಕಾದ್ದನ್ನೆಲ್ಲ ನೋಡಿದಳು. ಗೋಡೆಯ ಬುಡವನ್ನು ಕೈಯಿಂದ ಒತ್ತಿ ತೇವ ಇದೆಯೇ ಎಂದು ನೋಡಿದಳು. ಅಟ್ಟಕ್ಕೆ ಇಣುಕಿ ತೊಲೆಗೆ ಗೆದ್ದಲು ಹತ್ತಿದೆಯೇ ಎಂದು ಉಗುರಿನಿಂದ ಕೆರೆದಳು. ನಾಲ್ಕು ಎಲ್ಲೆಯನ್ನೂ ನಡೆದು, ಬಾವಿ ಯಾರ ಪಾಲಿಗೆ ಬರುತ್ತದೆ ಎಂದು ಪಕ್ಕದ ಮನೆಯವರನ್ನು ಕೇಳಿದಳು. ಪಂಚಾಯಿತಿಗೆ ಹೋಗಿ ಕಂದಾಯ ಬಾಕಿ ಎಷ್ಟಿದೆ ಎಂದು ವಿಚಾರಿಸಿದಳು. ಕರೆಂಟು ಬಿಲ್ಲಿನ ಬಾಕಿಯೂ ಕೊಂಡವರ ತಲೆಗೇ ಬರುತ್ತದೆಂದು ತಿಳಿದು, ಅದನ್ನೂ ಸೇರಿಸಿ ಲೆಕ್ಕ ಹಾಕಿದಳು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿ, ಈ ಬ್ಯಾಂಕಿನದಲ್ಲದೆ ಬೇರೆ ಯಾರ ಸಾಲವೂ ಮನೆಯ ಮೇಲಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಇಷ್ಟು ಮಾಡಿಯೂ ಒಂದು ಕಡೆ ಎಡವಿದಳು. ಅಲ್ಲಿ ಯಾವ ಪೇಟೆಯವನೂ ಎಡವುತ್ತಿರಲಿಲ್ಲ. ನಮ್ಮ ಕಡೆಯವರು ಮಾತ್ರ ಎಡವುವ ಜಾಗ ಅದು.

ಹರಾಜು ಅವಳಿಗೇ ಆಯಿತು. ಮುಂಗಡ ಕಟ್ಟಿದಳು. ಬ್ಯಾಂಕಿನ ಅಧಿಕಾರಿ ಅವಳಿಗೆ ತಿಳಿಸಿ ಹೇಳಿದ್ದನಂತೆ: ನಾವು ಸ್ವಾಧೀನ ತಗೊಂಡಿರುವುದು ಕಾಗದದ ಮೇಲೆ, ಒಳಗೆ ಜನ ಇದ್ದಾರೆ, ಜಿಲ್ಲಾಧಿಕಾರಿಯಿಂದ ಆರ್ಡರು ತರಿಸಿ, ಪೊಲೀಸರನ್ನು ಕರೆದು, ಖಾಲಿ ಮನೆಯ ಬೀಗ ನಿಮ್ಮ ಕೈಗೆ ಕೊಡಬಹುದು, ತಿಂಗಳುಗಟ್ಟಲೆ ಹಿಡಿಯುತ್ತದೆ, ಇಲ್ಲ, ನೀವೇ ಅವರೊಡನೆ ಮಾತಾಡಿ ಬಿಡಿಸಿಕೊಳ್ಳುತ್ತೀರಾದರೆ ಹಾಗೆಂದು ಬರೆದು ಕೊಡಿ. ಈ ಮಾತನ್ನು ಹೊತ್ತುಕೊಂಡು ಅವಳು ಶಿವನಂಜಮ್ಮನ ಹತ್ತಿರ ಬಂದಳು. ಆಗ ನವರಾತ್ರಿ ಕಳೆದಿತ್ತು. ದೀಪಾವಳಿ ಎದುರಿಗಿತ್ತು.

ಇಬ್ಬರೂ ಹಿತ್ತಲಲ್ಲಿ ಕೂತು ಮಾತಾಡಿದ್ದು ನನಗೆ ಚೆನ್ನಾಗಿ ಕೇಳಿಸಿತು. ದ್ಯಾಮಕ್ಕನಿಗೆ ಸಂಕೋಚ. ಹಬ್ಬದ ಮುಂದೆ ಒಬ್ಬ ಮುತ್ತೈದೆಯನ್ನು ಅವಳ ಮನೆಯಿಂದ ಏಳಿಸುವುದೆಂದರೆ ಅವಳಿಗೆ ಪಾಪದ ಕೆಲಸ. ಪೊಲೀಸರು ಬಂದರೆ ನಿಮ್ಮ ಮಾನ ಹೋಗುತ್ತದೆ, ಅದು ನನಗೆ ಬೇಡ ಎಂದಳು. ಶಿವನಂಜಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಎದ್ದು, ಬಚ್ಚಲಿಗೆ ಬಂದಳು. ದ್ಯಾಮಕ್ಕನನ್ನೂ ಕರೆದಳು.

"ಈ ಹಂಡೆ ನನ್ನ ತವರಿಂದು ದ್ಯಾಮಕ್ಕ. ಇದರಲ್ಲಿ ಇದೊಂದು ವರ್ಷ ನೀರು ತುಂಬ್ಕೊಂಡು ಹೋಗ್ತೀನಿ. ಹಬ್ಬ ಮುಗಿದ ಮಾರನೇ ದಿನ ಬೀಗದಕೈ ನಿಮ್ಮ ಕೈಗೆ ಕೊಡ್ತೀನಿ," ಎಂದು ನನ್ನೊಳಗೆ ಮಣಿಕಟ್ಟಿನವರೆಗೆ ಕೈ ಅದ್ದಿದಳು. "ಗಂಗೆ ಮುಟ್ಟಿ ಹೇಳ್ತಿದೀನಿ. ತಪ್ಪಿದ್ರೆ ನನಗೆ ಒಳ್ಳೇದಾಗಬಾರ್ದು."

"ಅಯ್ಯೋ, ಅಷ್ಟೆಲ್ಲಾ ಯಾಕೆ ಅಮ್ಮಾರೆ, ಬಾಯಿ ಮಾತು ಸಾಕಿತ್ತು," ಎಂದಳು ದ್ಯಾಮಕ್ಕ. ಅವಳ ಕಣ್ಣು ತುಂಬಿತ್ತು. ನನಗೂ ಹೆಮ್ಮೆಯಾಗಿತ್ತು. ಬ್ಯಾಂಕಿನ ಅಷ್ಟು ಕಾಗದಗಳಿಗಿಂತ ನನ್ನ ನೀರು ದೊಡ್ಡದಾಯಿತಲ್ಲ ಎಂದು.

ಅಲ್ಲೇ ಅವಳು ಎಡವಿದ್ದು. ಮಾರನೆಯ ದಿನ ಹೋಗಿ ಉಳಿದ ದುಡ್ಡನ್ನು ಕಟ್ಟಿದಳು. ಮನೆಯನ್ನು ನಾನೇ ವಶಕ್ಕೆ ತಗೊಂಡಿದ್ದೇನೆ, ಬ್ಯಾಂಕಿಗೆ ಇನ್ನು ಆ ಜವಾಬ್ದಾರಿ ಇಲ್ಲ ಎಂಬ ಕಾಗದಕ್ಕೆ ಸಹಿ ಹಾಕಿದಳು. ಮನೆಯೊಳಗೆ ಬೇರೆಯವರ ಒಲೆ ಉರಿಯುತ್ತಿರುವಾಗಲೇ ನನ್ನ ವಶಕ್ಕೆ ಬಂತು ಎಂದು ಬರೆದುಕೊಟ್ಟಳು. ಅಧಿಕಾರಿ ಎರಡು ಸಲ ಕೇಳಿದನಂತೆ. "ಅವರು ಗಂಗೆ ಮುಟ್ಟಿದ್ದಾರೆ ಸ್ವಾಮಿ," ಎಂದಳಂತೆ ಇವಳು. ಅವನು ಸೀಲು ಒತ್ತಿದ.

ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಬೀದಿಯಲ್ಲಿ ಯಾರೂ ಇಲ್ಲದ ಹೊತ್ತು. ಶಿವನಂಜಮ್ಮ ಒಲೆಗೆ ಉರಿ ಹಾಕಿದಳು. ಅದು ಸ್ನಾನದ ಹೊತ್ತಲ್ಲ. ನೀರು ಕುದಿ ಬಂದ ಮೇಲೆ ಬಕೀಟಿಗೆ ತೋಡಿಕೊಂಡು ಮುಂಬಾಗಿಲಿಗೆ ಹೋದಳು. ನನಗೆ ಅಲ್ಲಿಂದ ಕೇಳಿಸಿದ್ದು ಚಿಂದಿ ಬಟ್ಟೆಯನ್ನು ಅದ್ದಿ ಒತ್ತುವ ಸದ್ದು, ಆಮೇಲೆ ಚಾಕುವಿನಿಂದ ಹೆರೆಯುವ ಸದ್ದು. ಮರಳಿ ಬಂದಾಗ ಅವಳ ಕೈಯಲ್ಲಿ ಒದ್ದೆ ಕಾಗದದ ಉಂಡೆ ಇತ್ತು. ಬ್ಯಾಂಕಿನ ನೋಟೀಸು. ಅದನ್ನು ನನ್ನ ಒಲೆಗೇ ಹಾಕಿದಳು. ಕಾಗದ ಮೊದಲು ಹೊಗೆಯಾಡಿತು, ಆಮೇಲೆ ಉರಿಯಿತು.

ಪರಮಶಿವಯ್ಯ ಬಾಗಿಲಲ್ಲಿ ನಿಂತಿದ್ದ. ಭಯಪಟ್ಟವನು ಅವನೇ. ಇದು ಪೊಲೀಸು ಕೇಸಾಗುತ್ತದೆ ಎಂದ.

"ನಿಮಗೆ ಬೇಡದಿದ್ರೆ ಬಿಡಿ. ನಾನು ಮಾಡ್ತೀನಿ," ಎಂದಳು ಅವಳು. "ಈ ಮನೆ ನನ್ನ ಹೆಸರಲ್ಲಿತ್ತು. ಹೋಗುವಾಗ ನನ್ನನ್ನ ಯಾರೂ ಕೇಳಲಿಲ್ಲ. ನೀವೂ ಕೇಳಲಿಲ್ಲ, ಬ್ಯಾಂಕಿನೋರೂ ಕೇಳಲಿಲ್ಲ. ಬರಿಗೈಲಿ ಮಗಳ ಮನೆ ಬಾಗಿಲಿಗೆ ಹೋಗಿ ನಿಂತ್ಕೊಳ್ಲಾ ನಾನು?"

ಆ ಗಂಡನ ಬಾಯಿಂದ ಆ ಮಾತು ಬಂದಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ. ಅವನು ಇಂಥವನೆಂದು ನನಗೆ ಗೊತ್ತಿತ್ತು. ಇವಳು ನನ್ನ ಕೊರಳಿಗೆ ಬಳ್ಳಿ ಸುತ್ತಿದವಳು.

ಆ ವಾರವೇ ರೇವಣ್ಣ ಎಂಬ ಟೈಲರು, ಹೆಂಡತಿ ಲಕ್ಷ್ಮೀದೇವಿಯನ್ನು ಕರೆದುಕೊಂಡು ಮನೆ ನೋಡಲು ಬಂದ. ಹಿರಿಯೂರು ಕಡೆಯವನು. ಕೆಂಚಾಪುರದಲ್ಲಿ ಹೊಸದಾಗಿ ಅಂಗಡಿ ಇಡುವವನಿದ್ದ. ಹೆಂಡತಿ ತುಂಬಿದ ಬಸುರಿ. ತಾಯಿಯಿಲ್ಲದ ಹುಡುಗಿ, ಹಾಗಾಗಿ ಬಾಣಂತನ ಗಂಡನ ಮನೆಯಲ್ಲೇ. ಇದ್ದ ಬಾಡಿಗೆ ಕೋಣೆಯಲ್ಲಿ ಬಚ್ಚಲೇ ಇರಲಿಲ್ಲ. ಭೋಗ್ಯಕ್ಕೆ ಮನೆ ಸಿಗುತ್ತದೆಂದು ಯಾರೋ ಹೇಳಿದ್ದರು. ಒಂದೇ ಗಂಟು ದುಡ್ಡು ಕೊಟ್ಟು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ದುಡ್ಡನ್ನು ಪೂರ್ತಿ ವಾಪಸು ಪಡೆಯುವುದು.

ಶಿವನಂಜಮ್ಮ ಅವರಿಗೆ ನಡುಮನೆ ತೋರಿಸಲಿಲ್ಲ, ಅಡುಗೆಮನೆ ತೋರಿಸಲಿಲ್ಲ. ನೇರ ಬಚ್ಚಲಿಗೆ ಕರೆತಂದಳು.

"ನೋಡಮ್ಮ, ಬಾಣಂತಿಗೆ ಇದಕ್ಕಿಂತ ಏನು ಬೇಕು. ಒಂದು ಸಲ ಕಾದ್ರೆ ಸಂಜೆ ತನಕ ಬೆಚ್ಚಗಿರ್ತದೆ," ಎಂದಳು.

ಲಕ್ಷ್ಮೀದೇವಿ ಕಷ್ಟದಿಂದ ಬಗ್ಗಿ ನನ್ನ ಬಾಯಿಯೊಳಗೆ ನೋಡಿದಳು. ನೀರಿನಲ್ಲಿ ಅವಳ ಮುಖ ಕಂಡಿತು. ನಕ್ಕಳು. ಗಾಳಕ್ಕೆ ಸಿಕ್ಕಿಸುವ ಎರೆಹುಳುವಿಗೆ ಹೇಗನ್ನಿಸುತ್ತದೆಂದು ನನಗೆ ಅವತ್ತು ಗೊತ್ತಾಯಿತು.

ರೇವಣ್ಣ ತುಸು ಹುಷಾರಿನವನು. ಮನೆ ಮೇಲೆ ಸಾಲಗೀಲ ಏನೂ ಇಲ್ಲವಾ ಎಂದು ಕೇಳಿದ. ಋಣಭಾರ ಪತ್ರ ತೆಗೆಸುತ್ತೇನೆ, ಎರಡು ದಿನ ಟೈಮು ಕೊಡಿ ಎಂದ. ಅದೊಂದನ್ನು ಮಾಡಿದ್ದರೆ ಅವನು ಉಳಿಯುತ್ತಿದ್ದ.

ಶಿವನಂಜಮ್ಮ ಮತ್ತೆ ಕೈ ಅದ್ದಿದಳು. "ಗಂಗೆ ಮುಟ್ಟಿ ಹೇಳ್ತೀನಪ್ಪ, ಈ ಮನೆ ಮೇಲೆ ಯಾರ ಹಕ್ಕೂ ಇಲ್ಲ."

ಅದೇ ಕೈ. ನಾನು ಅದೇ ಹಂಡೆ. ಆಗಲೇ ನಾನು ಒಡೆದು ಸೋರಬಾರದಿತ್ತೇ ಎನ್ನಿಸಿತು. ಕಾಳಾಚಾರಿಯ ಕೆಲಸ ಗಟ್ಟಿ. ಒಡೆಯಲಿಲ್ಲ.

ಛಾಪಾ ಕಾಗದದ ಮೇಲೆ ಕರಾರು ಬರೆದರು. ಅದನ್ನು ನೋಂದಣಿಯೂ ಮಾಡಿಸಲಿಲ್ಲ. ಊರವರು ಸುಮ್ಮನಿದ್ದರು. ಮನೆ ಹರಾಜಾಗಿದೆ ಎಂದು ಇಡೀ ಬೀದಿಗೆ ಗೊತ್ತಿತ್ತು. ಆದರೆ ಇನ್ನೊಬ್ಬರ ಮನೆ ಮುರಿದ ಮಾತನ್ನು ಆಡಬಾರದು ಎಂಬ ಮರ್ಯಾದೆ ನಮ್ಮ ಜನಕ್ಕೆ ಬಹಳ. ರೇವಣ್ಣನನ್ನು ಕಂಡರೆ ಯಾವೂರಪ್ಪಾ ಎನ್ನುವರು, ಅಂಗಡಿ ಚೆನ್ನಾಗಿ ನಡೆಯಲಿ ಎನ್ನುವರು. ಅದಕ್ಕಿಂತ ಮುಂದಕ್ಕೆ ಹೋಗುತ್ತಿರಲಿಲ್ಲ.

ಹಬ್ಬಕ್ಕೆ ಮೊದಲೇ ಪರಮಶಿವಯ್ಯ, ಶಿವನಂಜಮ್ಮ ಸಾಮಾನನ್ನು ಲಗೇಜ್ ಆಟೋಗೆ ಏರಿಸಿ ಹೊರಟರು. ಹೋಗುವಾಗ ಅವಳು ಬಚ್ಚಲಿಗೆ ಬರಲಿಲ್ಲ. ನಾನು ಕಾದೆ. ಆಟೋ ಸದ್ದು ಬಸ್‌ಸ್ಟಾಂಡಿನ ಕಡೆ ಹೋಗಿ ಕಡಿಮೆಯಾಯಿತು.

ಆ ವರ್ಷ ನನಗೆ ನೀರು ತುಂಬಿದವಳು ರೇವಣ್ಣನ ತಾಯಿ. ಬಾಣಂತನಕ್ಕೆಂದು ಬಂದಿದ್ದಳು. ಮುದುಕಿಗೆ ಬಾವಿಯಿಂದ ಸೇದಲು ಕಷ್ಟ. ಆದರೂ ಒಂದೊಂದೇ ಕೊಡ ತಂದು ತುಂಬಿದಳು. ಮಗು ಹುಟ್ಟಿ ಆಗ ಕೆಲವೇ ದಿನಗಳಾಗಿದ್ದವು. ಹೆಣ್ಣುಮಗು.

ಹಬ್ಬ ಮುಗಿಯುವ ತನಕ ಈ ಬೀದಿಗೆ ಕಾಲಿಡದಿದ್ದ ದ್ಯಾಮಕ್ಕ ಬಲಿಪಾಡ್ಯಮಿ ಕಳೆದ ಬೆಳಿಗ್ಗೆ ಬಂದಳು. ಹೊಸ ಸೀರೆ. ಒಂದು ಕೈಯಲ್ಲಿ ಹಾಲುಕ್ಕಿಸಲು ಪುಟ್ಟ ಪಾತ್ರೆ, ಇನ್ನೊಂದರಲ್ಲಿ ಹಾಲಿನ ಚೊಂಬು. ಮುಂಬಾಗಿಲು ತೆರೆದೇ ಇತ್ತು. "ಅಮ್ಮಾರೇ" ಎಂದು ಕೂಗುತ್ತಾ ಹಿತ್ತಲಿಗೆ ಬಂದಳು. ಬಚ್ಚಲ ತುಂಬ ಹೊಗೆ, ಸಾಂಬ್ರಾಣಿ ವಾಸನೆ. ಮುದುಕಿ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ಪಕ್ಕದಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡ ಬಾಣಂತಿ.

ದ್ಯಾಮಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಬಾಣಂತಿಯ ಮುಂದೆ ಜೋರು ಮಾತು ಆಡಬಾರದು ಎಂಬುದು ಆ ಗಳಿಗೆಯಲ್ಲೂ ಅವಳಿಗೆ ನೆನಪಿತ್ತು. ಮಗುವಿನ ಸ್ನಾನ ಮುಗಿಯುವವರೆಗೂ ಸುಮ್ಮನೆ ನಿಂತಿದ್ದಳು. ಆಮೇಲೆ ಮೆತ್ತಗೆ, ನೀವು ಯಾರು ತಾಯಿ ಎಂದಳು. ಅವರು ಹೇಳಿದರು. ಇವಳೂ ಹೇಳಿದಳು. ಅಂಗಡಿಯಿಂದ ರೇವಣ್ಣ ಓಡಿ ಬಂದ. ಅವನು ಕರಾರು ತೋರಿಸಿದ, ಇವಳು ಬ್ಯಾಂಕಿನ ಮಾರಾಟದ ಪತ್ರ ತೋರಿಸಿದಳು.

"ಆಯಮ್ಮ ಈ ಹಂಡೆ ಮುಟ್ಟಿ ಆಣೆ ಮಾಡಿದ್ದರು," ಎಂದಳು ದ್ಯಾಮಕ್ಕ ಕೊನೆಗೆ. ಅದೇ ತನ್ನ ದೊಡ್ಡ ದಾಖಲೆ ಎಂಬಂತೆ.

ಲಕ್ಷ್ಮೀದೇವಿ ಮಗುವನ್ನು ಎದೆಗೊತ್ತಿಕೊಂಡಳು. "ನಮಗೂ ಇದನ್ನೇ ಮುಟ್ಟಿ ಹೇಳಿದ್ರು ಅಜ್ಜಿ," ಎಂದಳು.

ಎಲ್ಲರೂ ನನ್ನ ಕಡೆ ನೋಡಿದರು. ಅಷ್ಟು ಕಣ್ಣುಗಳು ಒಟ್ಟಿಗೆ ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ಹಾಲಿನ ಚೊಂಬನ್ನು ದ್ಯಾಮಕ್ಕ ನೆಲದ ಮೇಲಿಟ್ಟು ಹೋದಳು. ಮರೆತಳೋ, ಬಾಣಂತಿಗೆ ಇರಲಿ ಎಂದು ಬಿಟ್ಟಳೋ ಗೊತ್ತಿಲ್ಲ.

ಬ್ಯಾಂಕಿನವರು ಅವಳ ಸಹಿಯಿದ್ದ ಕಾಗದವನ್ನು ಅವಳ ಮುಂದೆಯೇ ತಿರುಗಿಸಿ ಇಟ್ಟರಂತೆ. ವಶಕ್ಕೆ ತಗೊಂಡಿದ್ದೀರಿ ಎಂದು ನೀವೇ ಬರೆದಿದ್ದೀರಲ್ಲ ತಾಯಿ, ಮನೆ ಹೇಗಿದೆಯೋ ಹಾಗೇ ಮಾರಿದ್ದೇವೆ, ಒಳಗಿರುವವರು ನಿಮ್ಮ ಸಂಗತಿ ಎಂದರಂತೆ. ಶಿರಾದಲ್ಲಿ ಒಬ್ಬ ವಕೀಲರು ಸಮಾಧಾನದ ಮಾತು ಹೇಳಿದರು: ನೋಟೀಸು ಬಂದ ಮೇಲೆ ಮಾಡಿಕೊಂಡ ಭೋಗ್ಯ ನಿಲ್ಲುವುದಿಲ್ಲ, ಗೆಲ್ಲುವುದು ನೀವೇ. ಆದರೆ ಬ್ಯಾಂಕಿನ ಕೈಯಿಂದಲೇ ಬೀಗ ಪಡೆದಿದ್ದರೆ ಕೋರ್ಟಿನ ಮೆಟ್ಟಿಲೇ ಹತ್ತಬೇಕಿರಲಿಲ್ಲ ಎಂದೂ ಸೇರಿಸಿದರು. ಇದನ್ನೆಲ್ಲ ಅವಳು ಒಂದು ದಿನ ರೇವಣ್ಣನ ತಾಯಿಗೆ ಹಿತ್ತಲಲ್ಲಿ ಕೂತು ಹೇಳುತ್ತಿದ್ದಳು. ಬೇರೆ ಯಾರಿಗೆ ಹೇಳಬೇಕು. ಮೋಸಹೋದವರಿಗೆ ಮೋಸಹೋದವರೇ ನೆಂಟರು.

ಅವಳು ಅವರನ್ನು ಕೂಡಲೇ ಎಬ್ಬಿಸಲಿಲ್ಲ. ಮಗುವಿಗೆ ಕತ್ತು ನಿಲ್ಲುವ ತನಕ ಇರಿ ಎಂದಳು. ಯುಗಾದಿಗೆ ಅವಳ ಕೋಣೆ ಹೋಯಿತು. ಸ್ವಂತ ಮನೆ ಇದ್ದೂ ಬಸ್‌ಸ್ಟಾಂಡಿನ ಹತ್ತಿರ ಬಾಡಿಗೆಗೆ ಒಂದು ಕೋಣೆ ಹಿಡಿದಳು. ರೇವಣ್ಣ ಪರಮಶಿವಯ್ಯನನ್ನು ಹುಡುಕಿಕೊಂಡು ಚಳ್ಳಕೆರೆಗೆ ಹೋದ, ಪೊಲೀಸರಿಗೆ ದೂರು ಕೊಟ್ಟ. ಆ ಮನುಷ್ಯ ಭೋಗ್ಯದ ದುಡ್ಡನ್ನು ಹೆಂಡತಿಯ ಕೈಯಿಂದಲೂ ಕಿತ್ತುಕೊಂಡು ಆಂಧ್ರದ ಕಡೆ ಹೋಗಿದ್ದ. ರೇವಣ್ಣನಿಗೆ ಒಂದು ಪೈಸೆಯೂ ಸಿಗಲಿಲ್ಲ. ಮಳೆಗಾಲದಲ್ಲಿ ಅವನು ಮನೆ ಖಾಲಿ ಮಾಡಿದ. ಹೊಲಿಗೆ ಯಂತ್ರವನ್ನು ತಲೆಯ ಮೇಲೆ ಹೊತ್ತು ಹೊರಟಾಗ ದ್ಯಾಮಕ್ಕ ಬಾಗಿಲಲ್ಲಿದ್ದಳು. ಅವನು ಅವಳ ಮುಖ ನೋಡಲಿಲ್ಲ. ತಪ್ಪು ಅವಳದಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ನೋಡಲಾಗಲಿಲ್ಲ.

ಹೀಗೆ ದ್ಯಾಮಕ್ಕನಿಗೆ ಮನೆ ಬಂತು. ಹಾಲುಕ್ಕಿಸಿದಳು. ಗೋಡೆಗೆ ಸುಣ್ಣ ಹೊಡೆಸಿದಳು. ನನ್ನ ಒಲೆಗೂ ಉರಿ ಹಾಕುತ್ತಿದ್ದಳು. ಆದರೆ ಚೆಂಬು ಅದ್ದುವಾಗ ಅವಳ ಕೈ ಒಂದು ಗಳಿಗೆ ತಡೆಯುತ್ತಿತ್ತು. ನಾನು ಅದನ್ನು ಗಮನಿಸುತ್ತಿದ್ದೆ. ಕಾಲ ಕಳೆದರೆ ಸರಿಹೋಗುತ್ತದೆ ಎಂದುಕೊಂಡಿದ್ದೆ.

ಒಂದು ದಿನ ಶಿವನಂಜಮ್ಮ ಬಂದಳು. ಒಬ್ಬಳೇ. ಸೊರಗಿದ್ದಳು. ಜಗಲಿಯ ಮೇಲೆ ಕೂರದೆ, ಕಳ್ಳಿಯ ಹಾಗೆ ಓಣಿಯ ಕಡೆಯಿಂದ ಹಿತ್ತಲಿಗೆ ಬಂದು ನಿಂತಳು. ಮಗಳ ಮನೆಯಲ್ಲಿ ಮರ್ಯಾದೆ ಇಲ್ಲ, ಕೈಯಲ್ಲಿ ಕಾಸಿಲ್ಲ. ಹಂಡೆ ತನ್ನ ತವರಿನದು, ಬ್ಯಾಂಕಿನವರು ಹರಾಜು ಹಾಕಿದ್ದು ಮನೆಯನ್ನು, ಹಂಡೆಯನ್ನಲ್ಲ ಎಂದು ನೆಲ ನೋಡುತ್ತಾ ಹೇಳಿದಳು.

ದ್ಯಾಮಕ್ಕ ಬಚ್ಚಲ ಕಡೆ ತಿರುಗಿ ನನ್ನನ್ನು ನೋಡಿದಳು.

"ಒಂದು ಕೇಳ್ತೀನಿ. ಅವತ್ತು ನನ್ನ ಮುಂದೆ ಇದರಲ್ಲಿ ಕೈ ಅದ್ದಿದ್ರಲ್ಲ. ನಿಮಗೆ ಏನೂ ಅನ್ನಿಸ್ಲಿಲ್ವಾ?"

ಶಿವನಂಜಮ್ಮ ತಲೆ ಎತ್ತಿದಳು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ನೀರು ಬಿಸಿ ಐತೆ ಅನ್ನಿಸ್ತು," ಎಂದಳು. "ಇನ್ನೇನೂ ಅನ್ನಿಸ್ಲಿಲ್ಲ."

ಅವಳನ್ನು ನಾನು ಹಲವು ರೀತಿಯಲ್ಲಿ ಕ್ಷಮಿಸಲು ನೋಡಿದ್ದೆ. ಗಂಡ ಮೋಸ ಮಾಡಿದ, ದಿಕ್ಕಿಲ್ಲದೆ ಮಾಡಿದಳು, ಒಳಗೊಳಗೇ ಅತ್ತಿರಬೇಕು ಎಂದೆಲ್ಲ. ಆ ಮಾತು ಕೇಳಿದ ಮೇಲೆ ನನ್ನ ಹತ್ತಿರ ಏನೂ ಉಳಿಯಲಿಲ್ಲ. ಅಷ್ಟು ಹಬ್ಬಗಳಲ್ಲೂ ಅವಳಿಗೆ ನಾನು ಬರೀ ಬಿಸಿನೀರಾಗಿದ್ದೆನೋ ಏನೋ.

ಆದರೂ ದ್ಯಾಮಕ್ಕ ನನ್ನನ್ನು ಬಿಟ್ಟುಕೊಡುವುದಿಲ್ಲ ಎಂದುಕೊಂಡೆ. ಇವಳು ನ್ಯಾಯವಂತೆ. ಆಣೆ ಮಾಡಿದ್ದು ನಾನಲ್ಲ. ನನ್ನ ಮೇಲೆ ಮಾಡಿದ್ದು. ಇವಳಿಗೆ ಅಷ್ಟು ತಿಳಿಯದೇ?

"ತಗೊಂಡು ಹೋಗಿ," ಎಂದಳು ದ್ಯಾಮಕ್ಕ. "ನ್ಯಾಯವಾಗಿ ನಿಮ್ದೇ. ಮತ್ತೆ ಆ ನೀರು ಮೈಮೇಲೆ ಹಾಕ್ಕೊಳ್ಳೋಕೆ ನನಗೆ ಮನಸಿಲ್ಲ."

ಗಡಾರಿ ತಂದು ಗಾರೆ ಒಡೆದರು. ಒಲೆಯ ಗೂಡಿನಿಂದ ನನ್ನನ್ನು ಎತ್ತಿದಾಗ ನನ್ನ ತಳ ಮೊದಲ ಸಲ ಬೆಳಕು ಕಂಡಿತು. ಕಪ್ಪು ಮಸಿ ಬೆರಳಷ್ಟು ದಪ್ಪ ಕೂತಿತ್ತು. ಶಿವನಂಜಮ್ಮ ನನ್ನನ್ನು ಚಳ್ಳಕೆರೆಗೆ ಒಯ್ಯಲಿಲ್ಲ. ಬಸ್‌ಸ್ಟಾಂಡಿನ ಪಕ್ಕದ ಗುಜರಿ ಅಂಗಡಿಯ ಇಲಿಯಾಸ್ ಸಾಬರ ತಕ್ಕಡಿಗೆ ಇಟ್ಟಳು. ಸಾಬರು ಕೊಟ್ಟದ್ದನ್ನು ಎಣಿಸದೆ ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತಿದಳು.

ತಾಮ್ರದ ರೇಟು ಇನ್ನೂ ಏರಲಿ ಎಂದು ಇಲಿಯಾಸ್ ಸಾಬರು ನನ್ನನ್ನು ಇನ್ನೂ ಬಡಿದು ಚಪ್ಪಟೆ ಮಾಡಿಲ್ಲ. ಅಲ್ಲಿಯವರೆಗೆ ಇರಲಿ ಎಂದು ಪಕ್ಕದ ಪಂಕ್ಚರ್ ಅಂಗಡಿಯವನಿಗೆ ಬಳಸಲು ಕೊಟ್ಟಿದ್ದಾರೆ. ಈಗ ನನ್ನಲ್ಲಿರುವುದು ತಣ್ಣೀರು. ಧೂಳು, ಎಣ್ಣೆಯ ಜಿಡ್ಡು ತೇಲುವ ನೀರು. ಅದನ್ನು ಯಾರೂ ಗಂಗೆ ಎನ್ನುವುದಿಲ್ಲ. ನನಗೂ ಆ ಹೆಸರು ಸಾಕಾಗಿದೆ.

ಇಲ್ಲಿ ಕೂತು ಹೋಗಿಬರುವವರ ಮಾತು ಕೇಳುತ್ತೇನೆ. ಹರಾಜಿಗೆ ಬಂದ ಮನೆ ಅಗ್ಗಕ್ಕೆ ಸಿಗುತ್ತದಂತೆ ಎಂದು ಯಾರಾದರೂ ಅಂದರೆ ಹೇಳಬೇಕು ಎನ್ನಿಸುತ್ತದೆ: ಅಣ್ಣಾ, ಕೊಳ್ಳಿ, ತಪ್ಪಿಲ್ಲ. ಎಲ್ಲೆ ನೋಡಿ, ಬಾಕಿ ನೋಡಿ, ಋಣಭಾರ ನೋಡಿ. ಎಲ್ಲಕ್ಕಿಂತ ಮೊದಲು, ಆ ಮನೆಯ ಒಲೆಯಲ್ಲಿ ಬೂದಿ ತಣ್ಣಗಿದೆಯೇ ಎಂದು ಕೈಯಿಟ್ಟು ನೋಡಿ. ಒಳಗಿರುವವರ ಮೇಲೆ ಮರುಕವಿದ್ದರೆ ಹಬ್ಬಕ್ಕೆ ಸೀರೆ ಕೊಡಿ, ಊಟ ಹಾಕಿ, ಸಾಗಿಸಲು ಗಾಡಿ ಮಾಡಿಕೊಡಿ. ಬೀಗ ಕೈಗೆ ಬರುವ ಮುಂಚೆ ಸಹಿ ಮಾತ್ರ ಹಾಕಬೇಡಿ. ಬಾಡಿಗೆಗೆ, ಭೋಗ್ಯಕ್ಕೆ ಹೋಗುವವರೂ ಎರಡು ದಿನ ತಡೆದು ಕಚೇರಿಗೆ ಹೋಗಿಬನ್ನಿ. ನೀರು ಮುಟ್ಟಿ ಹೇಳುವವರಿಗೆ ಕೈ ಮುಗಿದು, ಆ ಎರಡು ದಿನ ಕೇಳಿ ಪಡೆಯಿರಿ.

ಹೇಳಲು ನನಗೆ ಬಾಯಿಯೇನೋ ದೊಡ್ಡದಿದೆ, ಮಾತಿಲ್ಲ.

ಇವತ್ತು ಬೆಳಿಗ್ಗೆ ಒಬ್ಬ ಹಾಲಿನವನು ಬೈಕು ತಳ್ಳಿಕೊಂಡು ಬಂದ. ಟ್ಯೂಬು ಚೆನ್ನಾಗೇ ಇದೆ, ಮೊನ್ನೆ ತಾನೇ ಹಾಕಿಸಿದ್ದು ಎಂದು ವಾದ ಮಾಡಿದ. ಅಂಗಡಿಯವನು ಟ್ಯೂಬಿಗೆ ಗಾಳಿ ತುಂಬಿ, ಸುತ್ತ ತಿರುಗಿಸುತ್ತಾ ನನ್ನ ನೀರಿನಲ್ಲಿ ಮುಳುಗಿಸಿದ. ಒಂದು ಜಾಗದಲ್ಲಿ ಗುಳುಗುಳು ಎಂದು ಗುಳ್ಳೆ ಎದ್ದವು. ಇಬ್ಬರೂ ಬಗ್ಗಿ ನೋಡಿದರು. ಹಾಲಿನವನು, ಸರಿ, ಅದಕ್ಕೊಂದು ಪ್ಯಾಚು ಹಾಕು ಎಂದ.